ತಂಗಡಗಿ ದೊಡ್ಡವ್ವನ ಮಣ್ಣು

ಮಾಘ ಮುಗಿಯುತ್ತ ಬಂದಿತ್ತು. ಚಳಿ ಬೆಳಗಿನ ಹೊತ್ತಿಗಷ್ಟೇ ಉಳಿದಿತ್ತು. ಬಿಸಿಲೇರಿದ ಮೇಲೆ ಎರೆಭೂಮಿ ಕಾಯತೊಡಗುತ್ತಿತ್ತು. ಝಳಕಿಯಿಂದ ಒಳಗೆ ಹಲಸಂಗಿ ಕಡೆಗಿನ ದಾರಿಯ ಎರಡೂ ಬದಿಗೆ ಬಿಳಿಜೋಳ ಒಣಗಿ ನಿಂತಿತ್ತು, ಹೊಲ ಹೊಲದಲ್ಲೂ ಮಂದಿ ಸಾಲು ಹಿಡಿದು ಬಗ್ಗಿದ್ದರು. ಈ ಕಡೆ ಜೋಳ ಕೊಯ್ಯುವುದಿಲ್ಲ, ಕೀಳುತ್ತಾರೆ. ಎರಡೂ ಕೈಯಿಂದ ದಂಟಿನ ಬುಡ ಹಿಡಿದು, ಸೊಂಟದ ಬಲ ಹಾಕಿ ಜಗ್ಗಿದರೆ ಬೇರು ಹೆಂಟೆಯ ಸಮೇತ ಬರುತ್ತದೆ. ಅದನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ ಪಕ್ಕಕ್ಕೆ ಹಾಕಬೇಕು. ಮತ್ತೆ ಬಗ್ಗಬೇಕು. ಸಂಜೆಯ ತನಕ ಇಷ್ಟೇ.

ಆ ದಿನದ ಹೊಲ ಕುಂಬಾರ ಓಣಿಯವರದು. ಸಿದ್ದವ್ವ ಮತ್ತು ಜನ್ನತಬಿ ಪಕ್ಕಪಕ್ಕದ ಸಾಲು ಹಿಡಿದಿದ್ದರು. ಇಬ್ಬರದೂ ಒಂದೇ ಓಣಿ, ಒಂದೇ ವಯಸ್ಸು, ನಲವತ್ತರ ಆಚೆ ಈಚೆ. ಇಬ್ಬರೂ ಕೂಲಿಗೆ ಬಂದವರಲ್ಲ, ಮುಯ್ಯಾಳಾಗಿ ಬಂದವರು. ಎಲ್ಲರ ಜೋಳವೂ ಒಮ್ಮೆಗೇ ಒಣಗುವುದರಿಂದ ಸುಗ್ಗಿಯಲ್ಲಿ ಕೂಲಿಯವರು ಸಿಗುವುದಿಲ್ಲ. ಹಾಗಾಗಿ ನೀನು ನನ್ನ ಹೊಲಕ್ಕೆ ಒಂದು ದಿನ ಬಂದರೆ ನಾನು ನಿನ್ನ ಹೊಲಕ್ಕೆ ಒಂದು ದಿನ. ಇದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಜ್ವರ ಬಂದರೂ ಹೋಗಬೇಕು. ತಪ್ಪಿಸಲು ಊರು ಒಪ್ಪುವ ಕಾರಣ ಒಂದೇ, ಮಣ್ಣು. ಹತ್ತಿರದವರು ಸತ್ತರೆ ಹೋಗಿ ಮಣ್ಣು ಕೊಟ್ಟು ಬರಲೇಬೇಕು, ಅದಕ್ಕೆ ಯಾರೂ ಅಡ್ಡ ಮಾತಾಡುವುದಿಲ್ಲ. ಬೇರೆ ಕಾರಣಕ್ಕೆ ಮುಯ್ಯಿ ತಪ್ಪಿಸಿದವರ ಹೊಲಕ್ಕೆ ಮುಂದೆ ಯಾರೂ ಕಾಲಿಡುವುದಿಲ್ಲ. ಹಿಂದೆ ಅಗಸಿ ಮನೆಯವನೊಬ್ಬ ಕುಸ್ತಿ ನೋಡಲು ಹೋಗಿ ಒಂದು ದಿನ ತಪ್ಪಿಸಿದ್ದ. ಅವನ ಜೋಳ ಯುಗಾದಿಯ ತನಕ ನಿಂತೇ ಇತ್ತು. ಈಗ ಅವನು ಮುಯ್ಯಾಳು ಬೇಡದ ಲಿಂಬಿ ಗಿಡ ಹಚ್ಚಿದ್ದಾನೆ.

"ಜನ್ನತಾ," ಸಿದ್ದವ್ವ ಬಗ್ಗಿದಲ್ಲಿಂದಲೇ ಕೇಳಿದಳು, "ಆ ಪಿಚ್ಚರದಾಗಿನ ಹುಡುಗ್ರು ಸಾಲಿ ತಪ್ಪಿಸಿ ಏನ್ ಮಾಡಿದ್ರು?"

"ಆರು ಸಲಾ ನೋಡಿಯಲ್ಲ. ಟೇಶನ್ದಾಗ ಕುಂತ್ರು."

"ಕುಂತು?"

"ಕುಂತು ಕುಂತ್ರು."

"ದನಾ ಕಾಯಾಕ ಹೋಗಲಿಲ್ಲ?"

"ಮುಂಬೈದಾಗ ಎಲ್ಲಿ ದನಾ, ಯವ್ವಾ?"

ಸಿದ್ದವ್ವ ಒಂದು ಬುಡ ಕಿತ್ತು ಕಾಲಿಗೆ ಬಡಿದಳು. "ನಮ್ಮ ರಾಜೇಶ್ವರಿ ಸಾಲಿ ತಪ್ಪಿಸಿದ್ರ ಹೊಲಕ್ಕ ಬರ್ತಾಳ. ಇಡೀ ಊರಾಗ ಸಾಲಿ ತಪ್ಪಿಸೂದಂದ್ರ ಹೊಲಕ್ಕ ಬರೂದು. ಹೊಲಾ ತಪ್ಪಿಸೂದಂದ್ರ?"

"ಮಣ್ಣಿಗೆ ಹೋಗೂದು," ಅಂದಳು ಜನ್ನತಬಿ.

ಸಿದ್ದವ್ವ ಸಾಲು ಮುಗಿಯುವ ತನಕ ಒಂದೇ ಸಮನೆ ಕಿತ್ತಳು.

ಪಿಚ್ಚರು ಬಂದದ್ದು ಸೋಲಾಪುರದಿಂದ. ಜನ್ನತಬಿಯ ತಮ್ಮ ಜುಲ್ಫಿಕರ ಅಲ್ಲಿ ಗಿರಣಿಯಲ್ಲಿದ್ದ. ಹೊಸದು ಕೊಂಡು, ತನ್ನ ಹಳೆಯ ಟೀವಿಯನ್ನೂ ಕ್ಯಾಸೆಟ್ಟು ಹಾಕುವ ಪೆಟ್ಟಿಗೆಯನ್ನೂ ಅಕ್ಕನ ಮನೆಗೆ ತಂದಿಟ್ಟಿದ್ದ. ಜೊತೆಗೆ ಕ್ಯಾಸೆಟ್ಟು ಎರಡು. ಒಂದನ್ನು ಮೊದಲ ದಿನವೇ ಪೆಟ್ಟಿಗೆ ನುಂಗಿತು. ಎರಡನೆಯದರ ಮೊದಲ ಭಾಗವನ್ನು ಅದು ಸೋಲಾಪುರದಲ್ಲಿದ್ದಾಗಲೇ ನುಂಗಿತ್ತು, ಹೀಗಾಗಿ ಪಿಚ್ಚರಿನ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಲಿ ತಪ್ಪಿಸೋ ಪಿಚ್ಚರ್ ಅನ್ನುತ್ತಿದ್ದರು. ಪ್ರತಿ ಶುಕ್ರವಾರ ಮಧ್ಯಾಹ್ನ ಜನ್ನತಬಿಯ ಗಂಡ ಚಮನಸಾಬ ಅದನ್ನು ಹಾಕುತ್ತಿದ್ದ. ಬೇರೆ ಹಾಕಲು ಇರಲಿಲ್ಲ.

ಅದರಲ್ಲಿ ಮೂರು ಮಂದಿ ಸಾಲಿಯ ಹುಡುಗರು. ಅಜ್ಜಿ ಸತ್ತಳೆಂದು ಹೇಳಿ ಒಂದು ದಿನ ಸಾಲಿ ತಪ್ಪಿಸುತ್ತಾರೆ. ಹೋದ ವರ್ಷವೂ ಇದೇ ಅಜ್ಜಿ ಸತ್ತದ್ದು ಹೆಡ್‌ಮಾಸ್ತರನಿಗೆ ನೆನಪಾಗುತ್ತದೆ. ಆದರೂ ನಿಜವಾಗಿ ಸತ್ತಿದ್ದರೆ ಬರಿಗೈಯಲ್ಲಿ ಹೋಗಬಾರದಲ್ಲ ಎಂದು ಅವನು ಹೂವಿನ ಹಾರ ಕೊಂಡು ಸೈಕಲ್ ಹತ್ತುತ್ತಾನೆ. ನಾಯಿ ಬೆನ್ನು ಹತ್ತುತ್ತದೆ, ಸುಣ್ಣದ ಗುಂಡಿಯಲ್ಲಿ ಬೀಳುತ್ತಾನೆ. ಕಡೆಗೆ ಮನೆ ಮುಟ್ಟಿದರೆ ಅಜ್ಜಿ ಹೊಸ್ತಿಲ ಮೇಲೆ ಕೂತು ಪೇರಲಹಣ್ಣು ತಿನ್ನುತ್ತಿರುತ್ತಾಳೆ. ಹಾರ ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಅವಳ ಕೊರಳಿಗೇ ಹಾಕುತ್ತಾನೆ. ಅಷ್ಟರಲ್ಲಿ ಹುಡುಗರು ದೊಡ್ಡ ಟೇಶನ್ನಿನ ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತ ರೈಲು ನೋಡುತ್ತಾರೆ. ಸಂಜೆ ಮನೆಗೆ ಹೋಗುತ್ತಾರೆ. ಇಷ್ಟೇ ಪಿಚ್ಚರು.

ಹುಡುಗರು ಸುಣ್ಣದ ಗುಂಡಿಗೆ ನಗುತ್ತಿದ್ದರು. ಗಂಡಸರು ಹಾರಕ್ಕೆ ನಗುತ್ತಿದ್ದರು. ಸಿದ್ದವ್ವನಿಗೆ ಹಿಂದಿ ಬರುತ್ತಿರಲಿಲ್ಲ. ಜನ್ನತಬಿ ಕಿವಿಯಲ್ಲಿ ಹೇಳುತ್ತಿದ್ದಳು. ಬೆಂಚಿನ ಭಾಗಕ್ಕೆ ಹೇಳುವ ಅಗತ್ಯವಿರಲಿಲ್ಲ. ಅಲ್ಲಿ ಮಾತೇ ಇಲ್ಲ. ರೈಲು ಬರುತ್ತದೆ, ಹೋಗುತ್ತದೆ, ಹುಡುಗರು ಹತ್ತುವುದಿಲ್ಲ. ಕಾಲು ತೂಗಿಬಿಟ್ಟು ಕೂತಿರುತ್ತಾರೆ, ಯಾರೂ ಅವರನ್ನು ಕರೆಯುವುದಿಲ್ಲ. ಸಿದ್ದವ್ವ ನಕ್ಕಿರಲಿಲ್ಲ. ಆ ಭಾಗ ಬಂದಾಗ ಮಾತ್ರ ಸೆರಗು ಸರಿ ಮಾಡಿಕೊಂಡು ಮುಂದೆ ಬಂದು ಕೂರುತ್ತಿದ್ದಳು.

ಮರುದಿನ ಚಮನಸಾಬನ ಹೊಲದ ಸರದಿ. ಸಿದ್ದವ್ವ ಜನ್ನತಬಿಗೆ ಒಂದು ದಿನ ಕೊಡುವುದಿತ್ತು. ಅವಳ ಗಂಡ ಶ್ರೀಶೈಲಪ್ಪ ಚಕ್ಕಡಿಯ ಗಾಲಿಗೆ ಪಟ್ಟಿ ಕಟ್ಟಿಸಲು ಝಳಕಿಗೆ ಹೋಗಿ ಅಲ್ಲಿಯೇ ಬೀಗರ ಮನೆಯಲ್ಲಿ ಉಳಿದಿದ್ದ. ಅವರ ಸ್ವಂತ ಜೋಳ ಸೋಮವಾರಕ್ಕೆ ಗೊತ್ತಾಗಿತ್ತು.

ಬೆಳಕು ಹರಿಯುವಾಗ ಸಿದ್ದವ್ವ ಚಮನಸಾಬನ ಅಂಗಳದಲ್ಲಿ ನಿಂತಿದ್ದಳು.

"ಚಮನಣ್ಣಾ, ತಂಗಡಗಿ ದೊಡ್ಡವ್ವ ಹೋದಳಂತ."

ಚಮನಸಾಬ ಎತ್ತಿನ ಹಗ್ಗ ಬಿಟ್ಟು ನೆಟ್ಟಗಾದ. "ಸೀತವ್ವ ಕಾಕಿ? ಯಾರ್ ಹೇಳಿದ್ರು?"

"ವಸ್ತಿ ಬಸ್ಸಿನ ಕಂಡಕ್ಟರನ ಕಡೆ ನಿರೋಪ ಬಂತು."

ರೊಟ್ಟಿ ಬಡಿಯುತ್ತಿದ್ದ ಜನ್ನತಬಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸಿದ್ದವ್ವ ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಉಟ್ಟದ್ದು ದೀಪಾವಳಿಯ ಸೀರೆ. ಜನ್ನತಬಿ ಅದನ್ನೂ ನೋಡಿದಳು, ಮುಖವನ್ನೂ ನೋಡಿದಳು.

"ಒಬ್ಬಾಕಿನ್ನ ಅಷ್ಟ ದೂರ ಹೆಂಗ ಕಳಸೂದು? ನಾನೂ ಹೋಗ್ತೇನಿ."

"ಇವತ್ತ ನಮ್ಮದ ಜ್ವಾಳಾ ಐತೆಲ್ಲ!"

"ಜ್ವಾಳಾ ನಿಮ್ಮ ಕೈಲೆ ಬರಾಂಗಿಲ್ಲೇನು? ಅಳೋ ಹೆಣಮಗಳ ಸಂಗಾಟ ಒಬ್ಬರರೆ ಬೇಕು."

ಅಳುವ ಹೆಣ್ಣುಮಗಳು ಅಳುತ್ತಿರಲಿಲ್ಲ ಎಂಬುದು ಚಮನಸಾಬನ ಗಮನಕ್ಕೆ ಬರಲಿಲ್ಲ. ಆಘಾತದಲ್ಲಿ ಹಾಗಾಗುತ್ತದೆಂದು ಅವನು ಕೇಳಿದ್ದ.

ಇಂಡಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಊರು ಮರೆಯಾದ ಮೇಲೆ ಜನ್ನತಬಿ ಕೇಳಿದಳು:

"ಪಿಚ್ಚರಿನ ಮುದುಕಿ?"

"ಹೂಂ."

"ದೊಡ್ಡವ್ವ ಹೆಂಗದಾಳ?"

"ಗಟ್ಟಿ ಅದಾಳ. ದಸರೆಕ್ಕ ಬಂದಾಗ ಹುರದ ಕಡ್ಲಿ ತಿಂದ್ಲು. ಹಲ್ಲೆಲ್ಲಾ ಅದಾವ."

"ಆಕಿನ್ನ ಯಾಕ ಕೊಂದಿ ಮತ್ತ?"

"ದೂರ ಅದಾಳ ಅಂತ. ಸುಗ್ಗಿ ಬಿಟ್ಟು ಮುದ್ದೇಬಿಹಾಳದ ಆಚೆ ಯಾರು ಹೊಕ್ಕಾರ?" ಆಮೇಲೆ ಸಿದ್ದವ್ವ ತಾನೇ, "ತಪ್ಪ ಐತಿ," ಅಂದಳು.

"ಐತಿ," ಅಂದಳು ಜನ್ನತಬಿ. ಬಸ್ಸು ಇಂಡಿ ಮುಟ್ಟಿತು. ಅಲ್ಲಿಂದ ಟೇಶನ್ನಿಗೆ ಟೆಂಪೊ ಹಿಡಿದರು.

ಟೇಶನ್ನು ಪಿಚ್ಚರಿನಲ್ಲಿದ್ದಂತಿರಲಿಲ್ಲ. ಒಂದು ಕಟ್ಟಡ, ಒಂದು ಬೇವಿನ ಮರ, ಒಂದು ಬೆಂಚು. ರೈಲು ಮಧ್ಯಾಹ್ನಕ್ಕೆಂದು ಒಳಗಿದ್ದವನು ಹೇಳಿದ. ಎಲ್ಲಿಗೆ ಟಿಕೇಟು ಎಂದು ಕೇಳಿದ. ಎಲ್ಲಿಗೂ ಇಲ್ಲ, ನೋಡಲು ಬಂದಿದ್ದೇವೆ ಅಂದಾಗ ಅವನು ಕಿಟಕಿ ಮುಚ್ಚಿಕೊಂಡ.

ಇಬ್ಬರೂ ಬೆಂಚಿನ ಮೇಲೆ ಕೂತರು. ಶೇಂಗಾ ತಿಂದರು. ಸಿದ್ದವ್ವ ಕಾಲು ತೂಗಿಬಿಡಲು ನೋಡಿದಳು, ನೆಲಕ್ಕೆ ತಾಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಕಲ್ಲಿನ ಸಂದಿಯಲ್ಲಿ ಬೆಳೆದಿದ್ದ ಒಂದು ಹುಲ್ಲಿನ ಬುಡ ಕಿತ್ತಳು. ಅದರ ಪಕ್ಕದ್ದನ್ನೂ ಕಿತ್ತಳು. ಕಾಲಿಗೆ ಬಡಿದು ಮಣ್ಣು ಉದುರಿಸಿ ಪಕ್ಕಕ್ಕೆ ಹಾಕುತ್ತ ಹೋದಳು. ಜನ್ನತಬಿ ಕಣ್ಣು ಮುಚ್ಚಿ ಒರಗಿದ್ದವಳು ಕಣ್ಣು ತೆರೆದಾಗ ಬೇವಿನ ಮರದ ತನಕ ಹಸನಾಗಿತ್ತು.

"ಏ ಸಿದ್ದಕ್ಕಾ! ಹೊಲಾ ತಪ್ಪಿಸಿ ಬಂದು ಕಸಾ ತಗ್ಯಾಕತ್ತೀದಿ. ಬಂದು ಕೂಡು ಬೇ ಸುಮ್ಕ."

"ಕೈ ಸುಮ್ನ ಇರವಲ್ಲು."

"ಅವನ್ನ ಉಡ್ಯಾಗ ಇಟ್ಕೊ."

ಸಿದ್ದವ್ವ ಬಂದು ಕೂತು ಕೈಗಳನ್ನು ಉಡಿಯಲ್ಲಿ ಇಟ್ಟುಕೊಂಡಳು. ಜೋಳದ ದಂಟಿನಿಂದಾದ ಗೀರುಗಳು ಅಂಗೈ ತುಂಬ ಇದ್ದವು. ಅಷ್ಟು ಹೊತ್ತು ಅವಳು ತನ್ನ ಕೈಯನ್ನು ಹಿಂದೆಂದೂ ನೋಡಿರಲಿಲ್ಲ. ನೋಡುತ್ತ ನೋಡುತ್ತ ಅವು ಬೇರೆ ಯಾರವೋ ಎಂಬಂತೆ ಕಂಡವು, ಆಮೇಲೆ ಅವನ್ನು ನೋಡುವುದನ್ನೂ ಬಿಟ್ಟಳು. ಬೇವಿನ ನೆರಳು ಹಳಿಯ ಮೇಲಿಂದ ನಿಧಾನ ಸರಿಯಿತು. ಎಲ್ಲೋ ಒಂದು ಗಿರಣಿ ಟುಕುಟುಕು ಅನ್ನುತ್ತಿತ್ತು. ಅವಳಿಗೆ ನಿದ್ದೆ ಬರಲಿಲ್ಲ, ಎಚ್ಚರವೂ ಬೇಕಾಗಿರಲಿಲ್ಲ.

ರೈಲು ತಡವಾಗಿ ಬಂತು. ಕಿಟಕಿಯಲ್ಲಿದ್ದ ಒಬ್ಬ ಹೆಂಗಸು ಕೇಳಿದಳು, "ಇದ್ಯಾವ ಊರ್ರಿ?"

"ನಾವೂ ಸುಮ್ನ ಬಂದೀವ್ರಿ," ಅಂದಳು ಸಿದ್ದವ್ವ.

ರೈಲು ಹೋಯಿತು. ಅವರು ಹತ್ತಲಿಲ್ಲ. ಪಿಚ್ಚರಿನಲ್ಲಿದ್ದಂತೆಯೇ ಆಯಿತು.

"ನಿನ್ನ ಮುಯ್ಯಿ ತೀರಿತು ಬಿಡು," ಅಂದಳು ಜನ್ನತಬಿ.

"ಹೆಂಗ? ನಿಮ್ಮ ಹೊಲದಾಗ ಒಂದ ದಂಟ ಕಿತ್ತಿಲ್ಲ."

"ಮುಯ್ಯಿ ಅಂದ್ರ ದಿನಕ್ಕ ದಿನಾ. ದಂಟ ಯಾರ ಎಣಸ್ತಾರ? ನನಗ ಒಂದ ದಿನಾ ಕೊಟ್ಟಿ, ನಾ ತಗೊಂಡೆ."

ಊರಿಗೆ ಮರಳಿದಾಗ ಹೊತ್ತು ಮುಳುಗುತ್ತಿತ್ತು. ಮಣ್ಣಿಗೆ ಹೋಗಿ ಬಂದವರು ಜಳಕ ಮಾಡದೆ ಒಳಗೆ ಹೋಗುವಂತಿಲ್ಲ. ಓಣಿಯ ಹೆಣ್ಣುಮಕ್ಕಳು ಸಿದ್ದವ್ವನ ಅಂಗಳದಲ್ಲಿ ನೀರು ಕಾಯಿಸಿ ಇಟ್ಟಿದ್ದರು. ದೀಪಾವಳಿಯ ಸೀರೆಯ ಮೇಲೆಯೇ ಹಾಕಿದರು. ಒಳಗೆ ಹೋದರೆ ಒಲೆಯ ಕಟ್ಟೆಯ ತುಂಬ ರೊಟ್ಟಿ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಏಳು ಮನೆಯವರು ಬುತ್ತಿ ಕಟ್ಟಿ ತಂದಿಟ್ಟಿದ್ದರು. ಈ ರೊಟ್ಟಿಯೂ ಒಂದು ನಮೂನೆಯ ಮುಯ್ಯಿ. ಅವರವರ ಮನೆಯಲ್ಲಿ ಯಾರಾದರೂ ಸತ್ತ ಹೊರತು ತೀರಿಸಲು ಬರುವುದಿಲ್ಲ. ಮಗಳು ರಾಜೇಶ್ವರಿ ಆಗಲೇ ತಿನ್ನುತ್ತಿದ್ದಳು. ಸತ್ತ ಅಜ್ಜಿಗಾಗಿ ಮಧ್ಯಾಹ್ನ ಅತ್ತಿದ್ದರಿಂದ ಹಸಿವಾಗಿತ್ತು.

ಚಮನಸಾಬ ಬಾಗಿಲಿಗೆ ಬಂದ. "ನಿನ್ನ ಸಾಲು ಎಲ್ಲಾರೂ ಕೂಡಿ ಕಿತ್ತೀವಿ ತಂಗಿ, ಚಿಂತಿ ಮಾಡಬ್ಯಾಡ. ಶೈಲಪ್ಪಣ್ಣ ಎಲ್ಲಿ?"

"ಅವರು ಝಳಕ್ಯಾಗ."

"ಎಲ್ಲಿ ಝಳಕಿ? ಮುಂಜಾನೆನ ಬಂದ, ಸುದ್ದಿ ಕೇಳಿದ, ಗಾಲಿ ಅಲ್ಲೇ ಒಗದು ತಂಗಡಗಿಗೆ ಹೋದ. ನಿಮಗ ಭೆಟ್ಟಿ ಆಗಲಿಲ್ಲೇನು?"

ಸಿದ್ದವ್ವನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಭಾಳ ಮಂದಿ ಇದ್ರು," ಅಂದಳು ಜನ್ನತಬಿ.

ಸಿದ್ದವ್ವ ಎಣಿಸದೇ ಹೋದದ್ದು ಒಂದಿತ್ತು. ಬಹಳ ವರ್ಷದ ಹಿಂದೆ ಇಂಥದ್ದೇ ಸುಗ್ಗಿಯಲ್ಲಿ ಶ್ರೀಶೈಲಪ್ಪ ಬಣವೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಸೀತವ್ವ ದೊಡ್ಡವ್ವ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದು ಹೊಲ ಪೂರ್ತಿ ಕಿತ್ತು ಕೊಟ್ಟು, ಉಡುಗೊರೆಗೆ ಕೊಟ್ಟ ಕುಬಸದ ಅರಿವೆಯನ್ನೂ ಮುಟ್ಟದೆ ಹೋಗಿದ್ದಳು. ಆ ಮುಯ್ಯಿ ತೀರಿರಲಿಲ್ಲ. ಹೆಂಡತಿಯ ತವರಿನ ಹೊಲ ಅಷ್ಟು ದೂರ, ಹೋಗುವುದಾಗಿರಲಿಲ್ಲ. ಹೆಗಲಾದರೂ ಕೊಟ್ಟು ಬರುತ್ತೇನೆಂದು ಹೇಳಿ ಅವನು ಓಡಿದನಂತೆ.

ಶ್ರೀಶೈಲಪ್ಪ ಸುಳ್ಳು ಹೇಳುವವನಲ್ಲ. ಅದೊಂದು ಗುಣವೆಂದಲ್ಲ, ಅವನಿಗೆ ತಕ್ಷಣಕ್ಕೆ ಹೊಳೆಯುತ್ತಿರಲಿಲ್ಲ. ಅವನು ಬಂದು ಇದ್ದದ್ದನ್ನು ಇದ್ದಂತೆ ಅಂದರೆ ಸೋಮವಾರ ಹೊಲಕ್ಕೆ ಯಾರೂ ಬರುವುದಿಲ್ಲ. ಮುಂದಿನ ವರ್ಷವೂ ಬರುವುದಿಲ್ಲ. ಅಗಸಿ ಮನೆಯವನ ಲಿಂಬಿ ಗಿಡ ಸಿದ್ದವ್ವನ ಕಣ್ಣಿಗೆ ಕಟ್ಟಿತು. ರಾತ್ರಿಗೂ ಮರುದಿನಕ್ಕೂ ಏಳು ಮನೆಯ ರೊಟ್ಟಿಯನ್ನೇ ತಿಂದಳು. ಬೇಕಿರಲಿಲ್ಲ, ಆದರೆ ತಂದವರು ನೋಡುತ್ತ ಕೂತಿದ್ದರು.

ಶ್ರೀಶೈಲಪ್ಪ ಮರುದಿನ ಸಂಜೆ ಬಂದ. ಅಂಗಿಯ ಹೆಗಲು ಮಣ್ಣಾಗಿತ್ತು. ಚಮನಸಾಬನೂ ಓಣಿಯ ನಾಲ್ಕು ಮಂದಿಯೂ ಕಟ್ಟೆಗೆ ಬಂದು ಕೂತರು. ಸಿದ್ದವ್ವ ಅಂಗಳದಲ್ಲಿ ಅವನಿಗೆ ನೀರು ಹಾಕುತ್ತಿದ್ದಳು.

"ಮಣ್ಣ ಆತೇನಣ್ಣಾ?" ಚಮನಸಾಬ ಕೇಳಿದ.

ಶ್ರೀಶೈಲಪ್ಪ ಮುಖದ ಮೇಲಿನ ನೀರು ಒರೆಸಿಕೊಂಡ. ಹೆಂಡತಿಯನ್ನು ನೋಡಿದ. ಅವಳ ಕೈಯ ತಂಬಿಗೆ ಓರೆಯಾಗಿ ನೀರು ಸುಮ್ಮನೆ ನೆಲಕ್ಕೆ ಹೋಗುತ್ತಿತ್ತು.

"ಚಂದ ಆತು," ಅಂದ.

"ಮಂದಿ ಭಾಳ ಇದ್ರಂತ?"

"ಬೇಕಾದವರೆಲ್ಲ ಇದ್ರು."

"ಹೆಗಲ ಕೊಟ್ಟಿ?"

"ಕೊಟ್ಟೆ."

ಕಟ್ಟೆಯವರು ಇನ್ನು ಸೋಮವಾರ ನಿಮ್ಮ ಜ್ವಾಳಾ ಎಂದು ಹೇಳಿ ಎದ್ದರು.

ಒಳಗೆ ಸಿದ್ದವ್ವ ರೊಟ್ಟಿ ನೀಡಿದಳು. ಅವನು ಎರಡು ತುತ್ತು ತಿಂದ ಮೇಲೆ ಕೇಳಿದಳು, "ದೊಡ್ಡವ್ವ..."

"ಆಕಿನ ಅಡಗಿ ಮಾಡಿ ನೀಡಿದ್ಲು."

"ಏನಂದ್ಲು?"

"ಮೊದಲ ಹಾರ ಯಾಕ ಅಂದ್ಲು. ಮುದ್ದೇಬಿಹಾಳದಾಗ ತಗೊಂಡಿದ್ದೆ. ಆಕಿ ಬಾಗಲದಾಗ ಕುಂತು ಕಡ್ಲಿ ಸುಲ್ಯಾಕತ್ತಿದ್ಲು. ಬರ್ರಿ ಅಳಿಯಂದ್ರ ಅಂದ್ಲು. ನನಗ ಏನ್ ಹೇಳೂದು ತಿಳೀಲಿಲ್ಲ. ಹಾಕಿಬಿಟ್ಟೆ."

"ಕೊರಳಿಗೆ?"

"ಮತ್ತೆಲ್ಲಿ ಹಾಕ್ಲಿ?"

ಸಿದ್ದವ್ವ ಒಲೆಯ ಕಡೆ ತಿರುಗಿದಳು. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಅವನು ತಿಳಿದ.

"ಮುಂಜಾನೆ ಅವರ ಕಡ್ಲಿ ಕೀಳೂದಿತ್ತು," ಅವನು ಮುಂದುವರಿಸಿದ. "ಕಿತ್ತೆ. ಹೊರಿ ಕಟ್ಟಿ ಕಣದ ತನಾ ಹೆಗಲ ಮ್ಯಾಲ ಹೊತ್ತೆ. ಹೆಗಲ ಕೊಟ್ಟೆ ಅಂದದ್ದು ಸುಳ್ಳಲ್ಲ. ನಂದು ಆಕಿದು ತೀರಿತು." ಆಮೇಲೆ ಕೇಳಿದ, "ನೀವೆಲ್ಲಿ ಹೋಗಿದ್ರಿ?"

ಅವಳು ಹೇಳಿದಳು. ಪಿಚ್ಚರಿನಿಂದ ಹಿಡಿದು ಬೇವಿನ ಮರದ ತನಕ. ಅವನು ರೊಟ್ಟಿ ಬಿಟ್ಟು ಕೇಳಿದ.

"ದಿನಾ ಪೂರಾ ಏನೂ ಮಾಡಲಿಲ್ಲ?"

"ಸ್ವಲ್ಪ ಕಸಾ ತಗದೆ."

ಶುಕ್ರವಾರ ಮಧ್ಯಾಹ್ನ ಶ್ರೀಶೈಲಪ್ಪ ಮೊದಲ ಸಲ ಚಮನಸಾಬನ ಮನೆಗೆ ಪಿಚ್ಚರು ನೋಡಲು ಹೋದ. ಕಂಬಕ್ಕೆ ಒರಗಿ ಕೂತ. ಹೆಡ್‌ಮಾಸ್ತರ ಹಾರ ಹಿಡಿದು ಸೈಕಲ್ ಹತ್ತಿದಾಗ ಮಂದಿ ನಗತೊಡಗಿದರು. ಸುಣ್ಣದ ಗುಂಡಿಗೆ ಹುಡುಗರು ಬಿದ್ದು ಬಿದ್ದು ನಕ್ಕರು. ಹೊಸ್ತಿಲ ಮೇಲೆ ಅಜ್ಜಿ ಕಂಡಾಗ, ಮಾಸ್ತರನ ಕೈಯಲ್ಲಿ ಹಾರ ಅತ್ತ ಇತ್ತ ಆಡಿದಾಗ ಮನೆ ಹಾರಿಹೋಗುವಷ್ಟು ನಗು. ಶ್ರೀಶೈಲಪ್ಪ ನಗಲಿಲ್ಲ.

"ಆ ಮಾಸ್ತರಂದು ಏನೂ ತಪ್ಪಿಲ್ಲ," ಅಂದ.

ಚಮನಸಾಬ ತಿರುಗಿ ಅವನನ್ನು ನೋಡಿದ. ಹೆಂಡತಿಯನ್ನು ನೋಡಿದ. ಜನ್ನತಬಿ ಟೀವಿಯನ್ನು ಬಹಳ ಲಕ್ಷ್ಯವಿಟ್ಟು ನೋಡುತ್ತಿದ್ದಳು.

"ಆ ಬೆಂಚಿಂದು ಇನ್ನೊಮ್ಮೆ ಹಾಕು," ಅಂದ ಶ್ರೀಶೈಲಪ್ಪ.

ಸೋಮವಾರ ಎಲ್ಲರೂ ಬಂದರು. ಮುಯ್ಯಿ ಕೊಡುವವರೂ ಬಂದರು, ಸಾವಿನ ಮನೆಯವರೆಂದು ಕೊಡುವುದಿಲ್ಲದವರೂ ಇಬ್ಬರು ಬಂದರು. ಸಾಲು ಹಿಡಿದು ಬಗ್ಗಿದಾಗ ಶ್ರೀಶೈಲಪ್ಪ ಹೆಂಡತಿಯ ಪಕ್ಕದ ಸಾಲು ಹಿಡಿದ. ಅರ್ಧ ಹೊಲ ಆದ ಮೇಲೆ, ಬೇರೆಯವರು ಹಿಂದೆ ಬಿದ್ದದ್ದನ್ನು ನೋಡಿ ಹೇಳಿದ:

"ದೊಡ್ಡವ್ವ ಒಂದ ಮಾತ ಹೇಳಿ ಕಳಸ್ಯಾಳ. ಅವತ್ತ ಹೇಳಾಕ ಆಗಲಿಲ್ಲ."

"ಏನಂತ?"

"ಆಕಿ ಖರೇನ ಸತ್ತ ದಿನಾ ನಿನಗ ಬರಾಕ ಆಗೂದಿಲ್ಲಂತ. ಊರಾಗ ಏನಂತ ಹೇಳಿ ಬರ್ತಿ? ಆ ದಿನಾ ನೀ ಮೊದಲ ತಗೊಂಡಿ, ಆಕಿ ದಿನಾ ನಿನ್ನ ಕಡೆ ಬಾಕಿ ಉಳೀತು ಅಂದ್ಲು."

ಸಿದ್ದವ್ವ ಹಿಡಿದಿದ್ದ ಬುಡ ಹಾಗೆಯೇ ಹಿಡಿದು ನಿಂತಳು. ಇದನ್ನೂ ಅವಳು ಎಣಿಸಿರಲಿಲ್ಲ. ತಾಯಿ ಹೋದ ಮೇಲೆ ಸಾಕಿದವಳು ದೊಡ್ಡವ್ವ. ಅವಳ ಮಣ್ಣಿಗೆ ಹೋಗುವ ದಾರಿಯನ್ನು ಒಂದು ಬೆಂಚಿನ ಮೇಲೆ ಕೂತು ಮುಗಿಸಿಬಿಟ್ಟಿದ್ದಳು.

"ಸಿಟ್ಟಾದ್ಲೇನು?"

"ಇಲ್ಲ. ಇದ್ದಾಗ ಬಂದು ತೀರಿಸು ಅಂದ್ಲು. ಹಾರ ಹಾಕಿದ ಮ್ಯಾಲ ಊರಾಗಿನ ಪಿಚ್ಚರಿನ ಸುದ್ದಿ ಹೇಳಿದೆ, ಮಂದಿ ಬಾಯಾಗ ಕೇಳಿದ್ದು. ಆ ಟೀವಿ ಪೆಟಗಿನೂ ತರಬೇಕಂತ, ತನ್ನ ಮಣ್ಣ ತಾನ ನೋಡಾಕಿ ಅಂತ."

"ಸುಗ್ಗ್ಯಾಗ ಏನಂತ ಹೇಳಿ ಹೋಗ್ಲಿ?"

ಹಿಂದಿನ ಸಾಲಿನಿಂದ ಚಮನಸಾಬ ಹತ್ತಿರ ಬಂದಿದ್ದ. ಎಷ್ಟು ಕೇಳಿದನೋ, ಅವನ ಮುಖದಿಂದ ತಿಳಿಯುವಂತಿರಲಿಲ್ಲ.

"ಹನ್ನೊಂದನೇ ದಿನದ ಕಾರ್ಯೆಕ್ಕ ಹೋಗಬೇಕಲ್ಲ ತಂಗಿ," ಅಂದ. "ಅದಕ್ಕ ಯಾರೂ ಬ್ಯಾಡ ಅನ್ನೂದಿಲ್ಲ. ಟೀವಿ ಚಕ್ಕಡ್ಯಾಗ ಹಾಕಿ ಬಸ್ಸಿನ ತನಾ ನಾ ಮುಟ್ಟಸ್ತೇನಿ."

ಸಿದ್ದವ್ವ ಬುಡ ಜಗ್ಗಿದಳು. ಬೇರು ಹೆಂಟೆಯ ಸಮೇತ ಬಂತು. ಕಾಲಿಗೆ ಬಡಿದು ಪಕ್ಕಕ್ಕೆ ಹಾಕಿದಳು, ದೊಡ್ಡವ್ವನಿಗೆ ಕೊಡುವ ದಿನವನ್ನು ನೆನಪಿನಲ್ಲಿ ಇಟ್ಟುಕೊಂಡಳು, ಮತ್ತೆ ಬಗ್ಗಿದಳು.